ಎರಡು ಎಂಜಿನ್‌ನ ವಿಮಾನ, ಏಳು ವರ್ಷದ ವಿಳಂಬ

2013ರ ನವೆಂಬರ್‌ನಲ್ಲಿ ದುಬೈ ವೈಮಾನಿಕ ಪ್ರದರ್ಶನದಲ್ಲಿ ಬೋಯಿಂಗ್ ಕಂಪನಿ ತನ್ನ 777ಎಕ್ಸ್ ಸರಣಿಯನ್ನು ಘೋಷಿಸಿದಾಗ ಅದೇ ವೇದಿಕೆಯಲ್ಲಿ 259 ವಿಮಾನಗಳಿಗೆ ಬೇಡಿಕೆ ದಾಖಲಾಯಿತು. ಎಮಿರೇಟ್ಸ್ 150, ಕತಾರ್ ಏರ್‌ವೇಸ್ 50, ಲುಫ್ತಾನ್ಸಾ 34, ಎತಿಹಾದ್ 25 ವಿಮಾನಗಳನ್ನು ಕೇಳಿದ್ದವು. ಪಟ್ಟಿ ಬೆಲೆಯ ಪ್ರಕಾರ ಅದು 9,500 ಕೋಟಿ ಡಾಲರ್ ಮೀರಿದ ವ್ಯವಹಾರ. ಸರಣಿಯ ಮೊದಲ ಮಾದರಿಯಾದ 777-9 ವಿಮಾನ 2020ರಲ್ಲಿ ಗ್ರಾಹಕರ ಕೈ ಸೇರಬೇಕಿತ್ತು. ಆ ಗಡುವು 2021ಕ್ಕೆ, 2022ಕ್ಕೆ, 2023ಕ್ಕೆ, 2025ಕ್ಕೆ, 2026ಕ್ಕೆ ಎಂದು ಜಾರುತ್ತಲೇ ಹೋಯಿತು. 2025ರ ಅಕ್ಟೋಬರ್‌ನಲ್ಲಿ ಕಂಪನಿ ಅದನ್ನು ಮತ್ತೊಮ್ಮೆ ಮುಂದೂಡಿ 2027ಕ್ಕೆ ಒಯ್ದಿತು. ಜೊತೆಗೆ 490 ಕೋಟಿ ಡಾಲರ್ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಿತು.

ಈ ವಿಳಂಬಕ್ಕೆ ಎರಡು ಸುಲಭದ ವಿವರಣೆಗಳು ಚಾಲ್ತಿಯಲ್ಲಿವೆ. ಬೋಯಿಂಗ್‌ಗೆ ವಿಮಾನ ಕಟ್ಟುವ ಕಸುಬೇ ಮರೆತುಹೋಗಿದೆ ಎನ್ನುವುದು ಒಂದು. ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್ಎಎ ಈಗ ಹಾವು ಕಡಿದವನಂತೆ ಹಗ್ಗಕ್ಕೂ ಹೆದರುತ್ತಿದೆ ಎನ್ನುವುದು ಇನ್ನೊಂದು. ಎರಡರಲ್ಲೂ ಸ್ವಲ್ಪ ನಿಜವಿದ್ದರೂ ಎರಡೂ ವಿಷಯದ ತಿರುಳನ್ನು ಮುಟ್ಟುವುದಿಲ್ಲ. ನಾಲ್ಕುನೂರು ಜನರನ್ನು ಹೊತ್ತು, ಎರಡೇ ಎಂಜಿನ್ ನಂಬಿಕೊಂಡು, ಸಾಗರದ ಮೇಲೆ ಹಾರುವ ವಿಮಾನ ಎಂಬ ಕಲ್ಪನೆಯೇ ನಿಮಿಷಗಳಲ್ಲಿ ಅಳೆದುಕೊಟ್ಟ ಒಂದು ವಿಶ್ವಾಸದ ಮೇಲೆ ನಿಂತಿದೆ. ಆ ವಿಶ್ವಾಸವನ್ನು ಪುರಾವೆಯಿಂದ ಗಳಿಸಬೇಕೇ ಹೊರತು ಕ್ಯಾಲೆಂಡರ್ ನೋಡಿ ತರಿಸಿಕೊಳ್ಳಲು ಬರುವುದಿಲ್ಲ. 777-9ರ ಕಥೆಯನ್ನು ಈ ಕಡೆಯಿಂದ ಓದಿದರೆ ಬಿಡಿಬಿಡಿಯಾಗಿ ಕಾಣುವ ಅದರ ತೊಂದರೆಗಳಿಗೆ ಒಂದು ಕ್ರಮ ಕಾಣುತ್ತದೆ.

ಎಂಜಿನ್‌ಗಳನ್ನು ಎಣಿಸುವ ಪದ್ಧತಿ ಹಳೆಯದು. 1953ರಲ್ಲಿ ಅಮೆರಿಕದಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ ಎರಡು ಎಂಜಿನ್‌ಗಳ ವಿಮಾನ ತನ್ನ ದಾರಿಯ ಯಾವುದೇ ಬಿಂದುವಿನಲ್ಲಿದ್ದರೂ, ಒಂದು ಎಂಜಿನ್ ನಿಂತರೆ, 60 ನಿಮಿಷದೊಳಗೆ ಇಳಿಯಲು ತಕ್ಕ ನಿಲ್ದಾಣ ಸಿಗಬೇಕಿತ್ತು. ಅದು ಪಿಸ್ಟನ್ ಎಂಜಿನ್‌ಗಳ ಕಾಲ. ಹಾರಾಟದ ನಡುವೆ ಎಂಜಿನ್ ಕೈಕೊಡುವುದು ಅಪರೂಪದ ಸಂಗತಿಯಾಗಿರಲಿಲ್ಲ. ಹೀಗಾಗಿ ಅಟ್ಲಾಂಟಿಕ್, ಪೆಸಿಫಿಕ್ ಸಾಗರಗಳನ್ನು ನೇರವಾಗಿ ದಾಟುವ ಕೆಲಸ ದಶಕಗಳ ಕಾಲ ಮೂರು ಮತ್ತು ನಾಲ್ಕು ಎಂಜಿನ್‌ಗಳ ವಿಮಾನಗಳ ಪಾಲಾಯಿತು. ಜೆಟ್ ಎಂಜಿನ್ ಬಂದ ಮೇಲೆ ಆ ಲೆಕ್ಕ ಬದಲಾಯಿತಾದರೂ ನಿಯಮ ಬದಲಾಗಲು ಕಾಲ ಹಿಡಿಯಿತು. 1985ರಲ್ಲಿ ಎಫ್ಎಎ ಈ ಮಿತಿಯನ್ನು 120 ನಿಮಿಷಕ್ಕೆ ಏರಿಸಲು ದಾರಿ ಮಾಡಿಕೊಟ್ಟಿತು; ಬೋಯಿಂಗ್ 767 ಅಟ್ಲಾಂಟಿಕ್ ದಾಟುವ ವಿಮಾನವಾದದ್ದು ಆಗ. 1988ರಲ್ಲಿ ಮಿತಿ 180 ನಿಮಿಷಕ್ಕೆ ಹೋಯಿತು. ಈ ವ್ಯವಸ್ಥೆಗೆ ಇಟಾಪ್ಸ್ (ETOPS) ಎಂಬ ಹೆಸರು ನಿಂತಿತು. ‘ಎಂಜಿನ್ ತಿರುಗಬೇಕು, ಇಲ್ಲವೇ ಪ್ರಯಾಣಿಕರು ಈಜಬೇಕು’ ಎಂದು ಪೈಲಟ್‌ಗಳು ಆ ಇಂಗ್ಲಿಷ್ ಅಕ್ಷರಗಳನ್ನು ಬಿಡಿಸಿ ತಮಾಷೆ ಮಾಡುವುದುಂಟು.

ತಮಾಷೆಯ ಹಿಂದಿರುವ ಗಣಿತ ಗಂಭೀರವಾದುದು. 180 ನಿಮಿಷದ ಅನುಮತಿ ಬೇಕೆಂದರೆ ಆ ಬಗೆಯ ಎಂಜಿನ್ ಹಾರಾಟದಲ್ಲಿ ನಿಲ್ಲುವ ಪ್ರಮಾಣ 50,000 ಎಂಜಿನ್ ಗಂಟೆಗಳಿಗೆ ಒಂದಕ್ಕಿಂತ ಹೆಚ್ಚಿರಬಾರದು. ಅದನ್ನೂ ಮೀರಿದ ಅನುಮತಿಗೆ ಒಂದು ಲಕ್ಷ ಗಂಟೆಗೆ ಒಂದು. ಎಂಜಿನ್ ಒಂದೇ ಗಟ್ಟಿಯಿದ್ದರೂ ಸಾಲದು. ಸರಕು ಕೋಣೆಯಲ್ಲಿ ಬೆಂಕಿ ಹೊತ್ತಿಕೊಂಡರೆ ಅದನ್ನು ದೂರದ ನಿಲ್ದಾಣ ತಲುಪುವವರೆಗೂ ಅದುಮಿ ಹಿಡಿಯುವ ವ್ಯವಸ್ಥೆ ಇರಬೇಕು. ಅರ್ಧ ವಿದ್ಯುತ್ ಮೂಲಗಳು ಹೋದರೂ ಉಳಿದವು ಗಂಟೆಗಟ್ಟಲೆ ನಡೆಯಬೇಕು. ಒಂದೇ ತಂತ್ರಜ್ಞ ಒಂದೇ ಸರದಿಯಲ್ಲಿ ಎರಡೂ ಎಂಜಿನ್‌ಗಳ ಒಂದೇ ಬಗೆಯ ಭಾಗಕ್ಕೆ ಕೈ ಹಾಕದಂತೆ ನಿರ್ವಹಣೆಯ ಶಿಸ್ತು ಇರಬೇಕು.

ಈ ಕೊನೆಯ ನಿಯಮ ಮೇಲ್ನೋಟಕ್ಕೆ ಅತಿಯೆನಿಸಬಹುದು. ಆದರೆ 1983ರ ಮೇ 5ರಂದು ಮಯಾಮಿಯಿಂದ ನಸ್ಸಾವಿಗೆ ಹೊರಟ ಈಸ್ಟರ್ನ್ ಏರ್‌ಲೈನ್ಸ್‌ನ ಟ್ರೈಸ್ಟಾರ್ ವಿಮಾನಕ್ಕೆ ಇದ್ದದ್ದು ಮೂರು ಎಂಜಿನ್. ಹಿಂದಿನ ರಾತ್ರಿಯ ತಪಾಸಣೆಯಲ್ಲಿ ಮೂರಕ್ಕೂ ಎಣ್ಣೆ ಸೋರದಂತೆ ತಡೆಯುವ ಸಣ್ಣ ರಬ್ಬರ್ ಉಂಗುರಗಳನ್ನು ಹಾಕದೆ ಬಿಟ್ಟಿದ್ದರಿಂದ ಮೂರೂ ಎಂಜಿನ್‌ಗಳ ಎಣ್ಣೆ ಸಾಗರದ ಮೇಲೆ ಖಾಲಿಯಾಯಿತು. ನಿಲ್ಲಿಸಿದ್ದ ಒಂದು ಎಂಜಿನ್ ಮತ್ತೆ ಹೊತ್ತಿಕೊಂಡ ಕಾರಣ ವಿಮಾನ ಮಯಾಮಿಗೆ ಮರಳಿತು. ಅದಕ್ಕೂ ಒಂದು ವರ್ಷ ಹಿಂದೆ, 1982ರ ಜೂನ್‌ನಲ್ಲಿ, ಜಾವಾ ದ್ವೀಪದ ಬಳಿ ಜ್ವಾಲಾಮುಖಿಯ ಬೂದಿಯೊಳಗೆ ಹೊಕ್ಕ ಬ್ರಿಟಿಷ್ ಏರ್‌ವೇಸ್ 747ರ ನಾಲ್ಕೂ ಎಂಜಿನ್‌ಗಳು ಒಂದರ ಹಿಂದೆ ಒಂದು ಆರಿಹೋಗಿದ್ದವು. ಒಂದೇ ಕಾರಣ ಎಲ್ಲ ಎಂಜಿನ್‌ಗಳನ್ನೂ ತಾಗಿದರೆ ಎಂಜಿನ್ ನಾಲ್ಕಿದ್ದರೂ ಒಂದೇ, ಎರಡಿದ್ದರೂ ಒಂದೇ. ವಿಮಾನ ಸುರಕ್ಷತೆಯ ಕಷ್ಟದ ಪ್ರಶ್ನೆ ಇರುವುದು ಎಂಜಿನ್‌ಗಳು ಒಂದರ ತೊಂದರೆ ಇನ್ನೊಂದಕ್ಕೆ ತಾಗದಷ್ಟು ಬೇರೆಬೇರೆಯಾಗಿ ಉಳಿದಿವೆಯೇ ಎಂಬಲ್ಲಿ.

ಈ ಮಾತನ್ನು ಭಾರತದಲ್ಲಿ ಕುಳಿತು ಬರೆಯುವಾಗ 2025ರ ಜೂನ್ 12ನ್ನು ದಾಟಿ ಹೋಗುವಂತಿಲ್ಲ. ಅಹಮದಾಬಾದ್‌ನಿಂದ ಲಂಡನ್‌ಗೆ ಹೊರಟ ಏರ್ ಇಂಡಿಯಾದ 787-8 ವಿಮಾನ ಮೇಲೇರಿದ ಕೆಲವೇ ಕ್ಷಣಗಳಲ್ಲಿ ಬಿದ್ದು, ನೆಲದ ಮೇಲಿದ್ದವರೂ ಸೇರಿ 260 ಮಂದಿ ಸತ್ತರು. ‘ಎರಡರ ಬದಲು ನಾಲ್ಕು ಎಂಜಿನ್ ಇದ್ದಿದ್ದರೆ?’ ಎಂಬ ಪ್ರಶ್ನೆಯನ್ನು ಆ ದಿನಗಳಲ್ಲಿ ಅನೇಕರು ಕೇಳಿದರು. ತನಿಖಾ ಸಂಸ್ಥೆಯ ಪ್ರಾಥಮಿಕ ವರದಿಯಲ್ಲಿ ದಾಖಲಾಗಿರುವುದು ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಸುಮಾರು ಒಂದು ಸೆಕೆಂಡಿನ ಅಂತರದಲ್ಲಿ ‘ಚಾಲನೆ’ಯಿಂದ ‘ಕಡಿತ’ದ ಸ್ಥಾನಕ್ಕೆ ಬದಲಾದವು ಎಂಬುದು. ಅಂದರೆ ಎರಡು ಎಂಜಿನ್‌ಗಳಲ್ಲಿ ಬೇರೆಬೇರೆಯಾಗಿ ಎರಡು ದೋಷಗಳು ಕಾಕತಾಳೀಯವಾಗಿ ಕೂಡಿದ ಪ್ರಕರಣದಂತೆ ಅದು ಕಾಣುವುದಿಲ್ಲ. ಎಂಜಿನ್‌ಗಳ ಸಂಖ್ಯೆಯನ್ನು ಹಿಡಿದು ಆ ದುರಂತವನ್ನು ವಿವರಿಸಲು ಹೊರಡುವುದು ದಾರಿ ತಪ್ಪಿಸುವ ಕೆಲಸ.

ಇಟಾಪ್ಸ್‌ನ ದಾರಿಯನ್ನು ಹೆದ್ದಾರಿಯಾಗಿಸಿದ್ದು ಮೂಲ ಬೋಯಿಂಗ್ 777. ಹಿಂದಿನ ವಿಮಾನಗಳು ಕೆಲವು ಕಾಲ ಸೇವೆಯಲ್ಲಿದ್ದು, ತಮ್ಮ ದಾಖಲೆಯನ್ನು ತೋರಿಸಿ ಹೆಚ್ಚಿನ ನಿಮಿಷಗಳನ್ನು ಪಡೆಯಬೇಕಿತ್ತು. 777 ಮಾತ್ರ 1995ರಲ್ಲಿ ಪ್ರಯಾಣಿಕ ಸೇವೆಗೆ ಬರುವ ಹೊತ್ತಿಗೇ 180 ನಿಮಿಷದ ಅನುಮತಿಯನ್ನು ಕೈಯಲ್ಲಿ ಹಿಡಿದಿತ್ತು. 2003ರಲ್ಲಿ ಪೆಸಿಫಿಕ್ ಮೇಲೆ ಯುನೈಟೆಡ್ ಏರ್‌ಲೈನ್ಸ್‌ನ ಒಂದು 777 ಸುಮಾರು ಮೂರು ಗಂಟೆ ಒಂದೇ ಎಂಜಿನ್‌ನಲ್ಲಿ ಹಾರಿ ಹವಾಯಿಯ ಕೋನಾದಲ್ಲಿ ಸುರಕ್ಷಿತವಾಗಿ ಇಳಿಯಿತು. 2011ರಲ್ಲಿ ಆ ವಿಮಾನಕ್ಕೆ 330 ನಿಮಿಷದ ಅನುಮತಿ ಸಿಕ್ಕಿತು. 2014ರಲ್ಲಿ ಯೂರೋಪಿನ ನಿಯಂತ್ರಕರು ಏರ್‌ಬಸ್ ಎ350ಗೆ 370 ನಿಮಿಷಗಳವರೆಗೂ ಒಪ್ಪಿದರು. ಭೂಮಿಯ ಮೇಲೆ ಎರಡು ಎಂಜಿನ್‌ಗಳ ವಿಮಾನಕ್ಕೆ ಮುಚ್ಚಿದ ದಾರಿ ಅಲ್ಲಿಗೆ ಬಹುತೇಕ ಉಳಿಯಲಿಲ್ಲ. 2021ರ ಜನವರಿಯಲ್ಲಿ ನಾಲ್ವರು ಮಹಿಳಾ ಪೈಲಟ್‌ಗಳು ಏರ್ ಇಂಡಿಯಾದ 777-200ಎಲ್ಆರ್ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾಯಿಸಿ ಬೆಂಗಳೂರಿಗೆ ತಂದಾಗ ಸುದ್ದಿಯಾದದ್ದು ಆ ಪೈಲಟ್‌ಗಳು, ಸರಿಯಾಗಿಯೇ. ಸುಮಾರು 14,000 ಕಿಲೋಮೀಟರ್‌ನ ಆ ದಾರಿಯಲ್ಲಿ ವಿಮಾನಕ್ಕೆ ಇದ್ದದ್ದು ಎರಡೇ ಎಂಜಿನ್ ಎಂಬುದು ಯಾರಿಗೂ ಸುದ್ದಿಯೆನಿಸಲಿಲ್ಲ. ಇಟಾಪ್ಸ್‌ನ ಗೆಲುವಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಎರಡೇ ಎಂಜಿನ್ ಏಕೆ ಬೇಕು ಎಂಬುದರ ಉತ್ತರ ಹಣದಲ್ಲಿದೆ. ಎರಡರ ಬದಲು ನಾಲ್ಕು ಎಂಜಿನ್‌ಗಳೆಂದರೆ ಎರಡು ಪಟ್ಟು ಬಿಡಿಭಾಗ, ಎರಡು ಪಟ್ಟು ತಪಾಸಣೆ. ಸಮಾನ ಒಟ್ಟು ನೂಕುಬಲವನ್ನು ಎರಡು ದೊಡ್ಡ ಎಂಜಿನ್‌ಗಳಿಂದ ಪಡೆದರೆ ಇಂಧನವೂ ಉಳಿಯುತ್ತದೆ. ಇದರಲ್ಲೊಂದು ಸ್ವಾರಸ್ಯದ ತಿರುವಿದೆ: ಒಂದು ಎಂಜಿನ್ ಕೈಕೊಟ್ಟರೂ ವಿಮಾನ ನೆಲಬಿಟ್ಟು ನಿಗದಿತ ಇಳಿಜಾರಿನಲ್ಲಿ ಏರಬೇಕು ಎಂಬುದು ನಿಯಮ. ನಾಲ್ಕರಲ್ಲಿ ಒಂದು ಹೋದರೆ ಮುಕ್ಕಾಲು ಬಲ ಉಳಿಯುತ್ತದೆ, ಎರಡರಲ್ಲಿ ಒಂದು ಹೋದರೆ ಅರ್ಧವಷ್ಟೇ. ಆದ್ದರಿಂದ ಎರಡು ಎಂಜಿನ್‌ಗಳ ವಿಮಾನಕ್ಕೆ ತನ್ನ ತೂಕಕ್ಕೆ ಹೋಲಿಸಿದರೆ ಹೆಚ್ಚು ಬಲವನ್ನು ಕೊಡಲೇಬೇಕಾಗುತ್ತದೆ, ಮತ್ತು ವಿಮಾನ ದೊಡ್ಡದಾದಷ್ಟೂ ಎಂಜಿನ್ ದೈತ್ಯಾಕಾರಕ್ಕೆ ಬೆಳೆಯುತ್ತದೆ. ಅಂಥ ಎಂಜಿನ್ ಮಾಡಲು ಬರುವವರೆಗೆ ನಾಲ್ಕು ಎಂಜಿನ್‌ಗಳಿಗೆ ಉಳಿಗಾಲವಿತ್ತು. ಅದು ಬಂದ ಮೇಲೆ ಏರ್‌ಬಸ್ ಎ340ರ ತಯಾರಿಕೆ 2011ರಲ್ಲಿ ನಿಂತಿತು. 251 ವಿಮಾನಗಳ ಬಳಿಕ ಎ380 ಕೂಡ 2021ರಲ್ಲಿ ಮುಗಿಯಿತು. ಐದು ದಶಕಕ್ಕೂ ಹೆಚ್ಚು ಕಾಲ ನಡೆದ 747ರ ಸಾಲಿನ 1,574ನೆಯ, ಕೊನೆಯ ವಿಮಾನ 2023ರ ಜನವರಿ 31ರಂದು ಹಸ್ತಾಂತರವಾಯಿತು. ಹೀಗೆ ತೆರವಾದ ದೊಡ್ಡ ಜಾಗವನ್ನು ತುಂಬಬೇಕಾಗಿದ್ದ ವಿಮಾನವೇ 777-9.

ಆ ಜಾಗಕ್ಕೆ ತಕ್ಕ ಮೈಕಟ್ಟು ಅದಕ್ಕಿದೆ. ಉದ್ದ 76.7 ಮೀಟರ್, ಎರಡು ದರ್ಜೆಯಲ್ಲಿ 426 ಆಸನ, ಸುಮಾರು 13,500 ಕಿಲೋಮೀಟರ್ ವ್ಯಾಪ್ತಿ, ಮೇಲೇರುವಾಗಿನ ಗರಿಷ್ಠ ತೂಕ 351 ಟನ್ ಮೀರುತ್ತದೆ. ಅದರ ಜಿಇ9ಎಕ್ಸ್ ಎಂಜಿನ್ನಿನ ಮುಂಭಾಗದ ಫ್ಯಾನ್‌ನ ವ್ಯಾಸ 134 ಇಂಚು, ಅಂದರೆ 3.4 ಮೀಟರ್, ಹೊರಕವಚವನ್ನೂ ಸೇರಿಸಿದರೆ ಒಂದು 737 ವಿಮಾನದ ಒಡಲಿಗಿಂತ ಅಗಲ. ಹಳೆಯ 777-300ಇಆರ್ ವಿಮಾನದ ಜಿಇ90 ಎಂಜಿನ್‌ಗೆ 22 ಫ್ಯಾನ್ ಅಲಗುಗಳಿದ್ದರೆ ಇದಕ್ಕೆ ಇಂಗಾಲದ ನಾರಿನಿಂದ ಮಾಡಿದ 16 ಮಾತ್ರ. ಪರೀಕ್ಷೆಯೊಂದರಲ್ಲಿ ಅದು 1,34,300 ಪೌಂಡ್ ನೂಕುಬಲ ತೋರಿ ಗಿನ್ನೆಸ್ ದಾಖಲೆಗೆ ಸೇರಿತು; ವಿಮಾನದ ಮೇಲೆ ಬಳಸಲು ಪ್ರಮಾಣೀಕರಿಸಿರುವುದು 1,10,000 ಪೌಂಡ್. ಹಿಂದಿನದಕ್ಕಿಂತ ಶೇಕಡಾ 10ರಷ್ಟು ಕಡಿಮೆ ಇಂಧನ ಎಂಬುದು ತಯಾರಕರ ಲೆಕ್ಕ.

ಎಲ್ಲರ ಕಣ್ಣು ಹೋಗುವುದು ರೆಕ್ಕೆಯ ತುದಿಗೆ. ರೆಕ್ಕೆ ಉದ್ದವಾದಷ್ಟೂ ಗಾಳಿಯ ಎಳೆತ ಕಡಿಮೆಯಾಗುತ್ತದೆ. ಆದರೆ ಜಗತ್ತಿನ ಬಹುತೇಕ ನಿಲ್ದಾಣಗಳ ಗೇಟುಗಳು 65 ಮೀಟರ್‌ಗಿಂತ ಕಡಿಮೆ ಅಗಲದ ವಿಮಾನಗಳಿಗಾಗಿ ಕಟ್ಟಿದಂಥವು. ಎ380 ಈ ಮಿತಿಯನ್ನು ಮೀರಿದ್ದರಿಂದಲೇ ಅದು ಹೋಗಬಹುದಾದ ಊರುಗಳ ಪಟ್ಟಿ ಚಿಕ್ಕದಾಗಿತ್ತು. 2022ರ ಅಕ್ಟೋಬರ್‌ನಲ್ಲಿ ಎಮಿರೇಟ್ಸ್ ಬೆಂಗಳೂರಿಗೆ ಎ380 ತಂದಾಗ ಅದು ದೇಶದಲ್ಲಿ ಬೆರಳೆಣಿಕೆಯ ನಿಲ್ದಾಣಗಳಿಗಷ್ಟೇ ಒಲಿಯುವ ಸಂಗತಿಯಾಗಿತ್ತು. ಬೋಯಿಂಗ್ ಕಂಡುಕೊಂಡ ಉಪಾಯವೆಂದರೆ ಹಾರುವಾಗ 71.75 ಮೀಟರ್ ಅಗಲಕ್ಕೆ ಚಾಚುವ ಸಂಯುಕ್ತ ವಸ್ತುವಿನ ರೆಕ್ಕೆ, ನೆಲದ ಮೇಲೆ ಎರಡೂ ತುದಿಗಳನ್ನು ಮೂರೂವರೆ ಮೀಟರ್‌ನಷ್ಟು ಮೇಲಕ್ಕೆ ಮಡಚಿ 64.85 ಮೀಟರ್‌ಗೆ ಇಳಿಯುವುದು. ಯುದ್ಧನೌಕೆಗಳ ಮೇಲಿನ ವಿಮಾನಗಳಿಗೆ ಇದು ಹಳೆಯ ಪರಿಪಾಠ. ದೊಡ್ಡ ಪ್ರಯಾಣಿಕ ವಿಮಾನಕ್ಕೆ ಹೊಸದು. 1990ರ ದಶಕದಲ್ಲಿ ಮೂಲ 777ಕ್ಕೂ ಬೋಯಿಂಗ್ ಇದನ್ನು ಆಯ್ಕೆಯಾಗಿ ಮುಂದಿಟ್ಟಿತ್ತು, ಒಬ್ಬ ಗಿರಾಕಿಯೂ ಕೊಳ್ಳಲಿಲ್ಲ. ತುದಿ ಮಡಚಿಯೇ ಇರುವಾಗ ಪೈಲಟ್ ಮೇಲೇರಲು ಹೊರಟರೆ ಏನು, ಆಕಾಶದಲ್ಲಿ ಬೀಗ ಸಡಿಲಾದರೆ ಏನು ಎಂಬ ಪ್ರಶ್ನೆಗಳಿಗೆ ಇದ್ದ ನಿಯಮಾವಳಿಯಲ್ಲಿ ಉತ್ತರವಿರಲಿಲ್ಲ. ಎಫ್ಎಎ 2018ರಲ್ಲಿ ಈ ರೆಕ್ಕೆಗೆಂದೇ ವಿಶೇಷ ಷರತ್ತುಗಳನ್ನು ಬರೆಯಬೇಕಾಯಿತು.

ಇಲ್ಲಿ ಒಂದು ಅಸಂಗತಿ ಕಣ್ಣಿಗೆ ಬೀಳಬೇಕು. ಎಂಜಿನ್ ಹೊಸದು, ರೆಕ್ಕೆ ಹೊಸದು, ಹಾರಾಟ ನಿಯಂತ್ರಣದ ವಿದ್ಯುನ್ಮಾನದ ಬಹುಭಾಗ ಹೊಸದು. ಆದರೂ ಕಾಗದದ ಮೇಲೆ 777-9 ಹೊಸ ವಿಮಾನವಲ್ಲ. 1995ರ 777ರ ಪ್ರಮಾಣಪತ್ರಕ್ಕೆ ತಿದ್ದುಪಡಿ ಕೇಳುತ್ತಿರುವ ಮಾದರಿ. ಇದು ಕಾನೂನುಬಾಹಿರವೇನಲ್ಲ, ಉದ್ಯಮದ ನಿತ್ಯದ ರೂಢಿ. ಹಳೆಯ ಮನೆಗೆ ಮಹಡಿ ಕಟ್ಟುವವನಿಗೆ ಅಡಿಪಾಯದ ಪರವಾನಗಿಯನ್ನು ಮತ್ತೆ ಕೇಳದೆ ಇರುವುದು ಎಲ್ಲರಿಗೂ ಅನುಕೂಲ. ಬೋಯಿಂಗ್ 2020ರ ಗಡುವನ್ನು ಇಟ್ಟುಕೊಂಡದ್ದೂ ಈ ಅನುಕೂಲವನ್ನು ನೆಚ್ಚಿಯೇ ಎಂದು ನನಗನ್ನಿಸುತ್ತದೆ. ಆ ನೆಚ್ಚಿಕೆಗೆ ಪೆಟ್ಟು ಬಿದ್ದದ್ದು ಬೇರೊಂದು ವಿಮಾನದಿಂದ.

2018ರ ಅಕ್ಟೋಬರ್ 29ರಂದು ಇಂಡೊನೇಷ್ಯಾದಲ್ಲಿ, 2019ರ ಮಾರ್ಚ್ 10ರಂದು ಇಥಿಯೋಪಿಯಾದಲ್ಲಿ ಎರಡು 737 ಮ್ಯಾಕ್ಸ್ ವಿಮಾನಗಳು ಬಿದ್ದು 346 ಜನ ಸತ್ತರು. ಮ್ಯಾಕ್ಸ್ ಕೂಡ 1960ರ ದಶಕದ ಪ್ರಮಾಣಪತ್ರಕ್ಕೆ ತಿದ್ದುಪಡಿಯಾಗಿ ಬಂದ ವಿಮಾನವೇ. ಮೂತಿಯನ್ನು ತಾನಾಗಿ ಕೆಳಕ್ಕೆ ತಳ್ಳುವ ಅದರ ತಂತ್ರಾಂಶ ಒಂದೇ ಒಂದು ಸಂವೇದಕದ ಮಾತನ್ನು ನಂಬಿ ಕೆಲಸ ಮಾಡುತ್ತಿತ್ತು. ಪರಿಶೀಲನೆಯ ಬಹುಪಾಲನ್ನು ಎಫ್ಎಎ ಬೋಯಿಂಗ್‌ನ ನೌಕರರಿಗೇ ವಹಿಸಿಕೊಟ್ಟಿತ್ತು ಎಂಬುದು ತನಿಖೆಗಳಲ್ಲಿ ಹೊರಬಿತ್ತು. ಇಥಿಯೋಪಿಯಾದ ದುರಂತ ನಡೆದ ಮೂರೇ ದಿನಕ್ಕೆ, ಮಾರ್ಚ್ 13ರಂದು, ಮೊದಲ 777-9 ವಿಮಾನವನ್ನು ಎವರೆಟ್ ಕಾರ್ಖಾನೆಯಿಂದ ಹೊರತರುವ ದಿನ ನಿಗದಿಯಾಗಿತ್ತು. ಸಂಭ್ರಮವನ್ನೆಲ್ಲ ಬಿಟ್ಟು ಅದನ್ನು ನೌಕರರ ಎದುರು ಸದ್ದಿಲ್ಲದೆ ಮುಗಿಸಲಾಯಿತು. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಸಂಸತ್ತು ವಿಮಾನ ಪ್ರಮಾಣೀಕರಣದ ಕಾನೂನನ್ನು ಬಿಗಿಗೊಳಿಸಿತು. ಹಳೆಯ ನಂಬಿಕೆಯಲ್ಲಿ ಹೊರಟ ವಿಮಾನ ಹೊಸ ಅಪನಂಬಿಕೆಯ ಬಾಗಿಲಿಗೆ ಬಂದು ನಿಂತಿತು.

ಆರಂಭದ ತೊಡಕುಗಳಿಗೆ ಇದರೊಂದಿಗೆ ಸಂಬಂಧವಿರಲಿಲ್ಲ ಎಂಬುದನ್ನೂ ಹೇಳಬೇಕು. 2019ರಲ್ಲಿ ಎಂಜಿನ್ನಿನ ಸಂಪೀಡಕದ ಒಂದು ಭಾಗ ನಿರೀಕ್ಷೆಗಿಂತ ಬೇಗ ಸವೆಯುವುದು ಕಂಡು ಅದನ್ನು ಮತ್ತೆ ವಿನ್ಯಾಸಗೊಳಿಸಬೇಕಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ಹಾರದೆ ನೆಲದಲ್ಲೇ ಬಲಪರೀಕ್ಷೆಗೆ ಒಡ್ಡುವ ವಿಮಾನದ ರೆಕ್ಕೆಗಳನ್ನು ಬಗ್ಗಿಸುತ್ತ ಹೋದಾಗ, ತಲುಪಬೇಕಿದ್ದ ಅಂತಿಮ ಹೊರೆಯ ಶೇಕಡಾ 99ರ ಹೊತ್ತಿಗೆ ಒಡಲು ಬಿರಿಯಿತು. ಅಂತಿಮ ಹೊರೆಯೆಂದರೆ ಸೇವೆಯಲ್ಲಿ ನಿರೀಕ್ಷಿಸುವ ಗರಿಷ್ಠ ಹೊರೆಯ ಒಂದೂವರೆ ಪಟ್ಟು. ಹಾಗಾಗಿ ಈ ಸೋಲನ್ನು ಭಯಾನಕವೆಂದು ಬಣ್ಣಿಸಿದ್ದು ಅತಿಶಯ. ಇವೆಲ್ಲ ಯಾವುದೇ ಹೊಸ ವಿಮಾನದ ಬಾಲಗ್ರಹಗಳು. 2020ರ ಜನವರಿ 25ರಂದು, ಗಾಳಿಯ ಕಾರಣಕ್ಕೆ ಎರಡು ದಿನ ಕಾದು, 777-9 ಮೊದಲ ಬಾರಿಗೆ ಹಾರಿತು. ಅದೇ ಸೆಪ್ಟೆಂಬರ್‌ನಲ್ಲಿ ಎಂಜಿನ್‌ಗೆ ಪ್ರಮಾಣಪತ್ರವೂ ಸಿಕ್ಕಿತು.

ಕಥೆಯ ತಿರುವು ಇರುವುದು 2020ರ ಡಿಸೆಂಬರ್ 8ರ ಪರೀಕ್ಷಾ ಹಾರಾಟದಲ್ಲಿ. ಅಂದು ಪೈಲಟ್‌ಗಳು ಕೇಳದೆಯೇ ವಿಮಾನದ ಮೂತಿ ಅಲುಗಿತು. ಮ್ಯಾಕ್ಸ್‌ನ ನೆನಪು ಹಸಿಯಾಗಿರುವಾಗ ನಿಯಂತ್ರಕರಿಗೆ ಇದಕ್ಕಿಂತ ಕೆಟ್ಟ ಸುದ್ದಿ ಇರಲಾರದು. 2021ರ ಮೇನಲ್ಲಿ ಎಫ್ಎಎ ಬೋಯಿಂಗ್‌ಗೆ ಪತ್ರ ಬರೆದು, ತನ್ನ ಪೈಲಟ್‌ಗಳು ಪಾಲ್ಗೊಳ್ಳುವ ಪ್ರಮಾಣೀಕರಣ ಹಾರಾಟಗಳಿಗೆ ವಿಮಾನ ಇನ್ನೂ ಸಿದ್ಧವಾಗಿಲ್ಲ ಎಂದಿತು. ಮಾಹಿತಿ ಪಕ್ವವಾಗಿಲ್ಲ, ವಿಮಾನದ ಗಣಕ ವ್ಯವಸ್ಥೆಯ ಪರಿಶೀಲನೆ ಮುಗಿದಿಲ್ಲ, ಡಿಸೆಂಬರ್‌ನ ಘಟನೆಯ ಮೂಲವನ್ನು ತೃಪ್ತಿಕರವಾಗಿ ವಿವರಿಸಿಲ್ಲ ಎಂಬುದು ಅದರ ತಕರಾರು. ಯೂರೋಪಿನ ನಿಯಂತ್ರಕರ ಆಕ್ಷೇಪ ಇನ್ನೂ ನಿಖರವಾಗಿತ್ತು. ರೆಕ್ಕೆ ಮತ್ತು ಬಾಲದ ಚಲಿಸುವ ಭಾಗಗಳನ್ನು ನಡೆಸುವ ವಿದ್ಯುನ್ಮಾನ ಘಟಕಗಳು ಹಲವಿದ್ದರೂ, ಒಂದೇ ಬಗೆಯ ದೋಷ ಅವೆಲ್ಲವನ್ನೂ ಒಟ್ಟಿಗೆ ತಾಗಿದರೆ ಏನು ಗತಿ ಎಂದು ಅವರು ಕೇಳಿದರು. ಮೂರು ಎಂಜಿನ್, ಮೂರಕ್ಕೂ ಇಲ್ಲದ ಉಂಗುರ: ಈಸ್ಟರ್ನ್ ವಿಮಾನದ ಪ್ರಶ್ನೆಯೇ ನಾಲ್ಕು ದಶಕಗಳ ಬಳಿಕ ತಂತ್ರಾಂಶದ ರೂಪದಲ್ಲಿ ಮರಳಿತ್ತು.

ಆ ಪತ್ರದ ಬಳಿಕ ಪ್ರಮಾಣೀಕರಣ ಹಾರಾಟಗಳಿಗೆ ಅಪ್ಪಣೆ ಸಿಗಲು ಮೂರು ವರ್ಷ ಬೇಕಾಯಿತು. ಅವು ಶುರುವಾದದ್ದು 2024ರ ಜುಲೈನಲ್ಲಿ. ತಿಂಗಳು ಕಳೆಯುವಷ್ಟರಲ್ಲಿ ಇನ್ನೊಂದು ವಿಘ್ನ. ಹಾರಾಟದ ಬಳಿಕದ ತಪಾಸಣೆಯಲ್ಲಿ ಎಂಜಿನ್ನಿನ ನೂಕುಬಲವನ್ನು ವಿಮಾನಕ್ಕೆ ದಾಟಿಸುವ ಟೈಟಾನಿಯಂ ಕೊಂಡಿಯೊಂದು ಮುರಿದಿರುವುದು ಕಂಡಿತು. ಬೇರೆ ಪರೀಕ್ಷಾ ವಿಮಾನಗಳಲ್ಲೂ ಅದೇ ಭಾಗದಲ್ಲಿ ಬಿರುಕುಗಳಿದ್ದವು. ಪ್ರತಿ ಎಂಜಿನ್‌ಗೆ ಅಂಥ ಎರಡು ಕೊಂಡಿಗಳಿರುವುದರಿಂದ ಅನಾಹುತವೇನೂ ಆಗಲಿಲ್ಲ. ಆದರೆ ಒಂದಕ್ಕಿಂತ ಹೆಚ್ಚು ವಿಮಾನಗಳಲ್ಲಿ ಒಂದೇ ಜಾಗದಲ್ಲಿ ಬಿರುಕು ಎಂದ ಮೇಲೆ ಅದು ಬಿಡಿ ತುಂಡಿನ ದೋಷವಲ್ಲ, ವಿನ್ಯಾಸದ ದೋಷ. ಎರಡನೆಯ ಕೊಂಡಿ ಹಿಡಿದುಕೊಳ್ಳುತ್ತದೆ ಎಂಬ ಸಮಾಧಾನ ಎಷ್ಟು ತೆಳುವಾದುದೆಂದು ಇದು ತೋರಿಸಿತು. ಪರೀಕ್ಷಾ ವಿಮಾನಗಳು ಮತ್ತೆ ಆಕಾಶ ಕಂಡದ್ದು 2025ರ ಜನವರಿಯಲ್ಲಿ. ನಡುವೆ ಸಿಯಾಟಲ್ ಪ್ರದೇಶದ ಸುಮಾರು 33,000 ಕಾರ್ಮಿಕರು ಏಳು ವಾರಕ್ಕೂ ಹೆಚ್ಚು ಕಾಲ ಮುಷ್ಕರ ಹೂಡಿದ್ದರು. 2024ರ ಆಗಸ್ಟ್‌ನಲ್ಲಿ ಕಂಪನಿಯ ಮುಖ್ಯಸ್ಥರಾಗಿ ಬಂದ ಕೆಲ್ಲಿ ಆರ್ಟ್‌ಬರ್ಗ್ ಅದೇ ಅಕ್ಟೋಬರ್‌ನಲ್ಲಿ 17,000 ಉದ್ಯೋಗ ಕಡಿತದ ಜೊತೆಗೆ ಈ ವಿಮಾನದ ಗಡುವನ್ನೂ 2026ಕ್ಕೆ ತಳ್ಳಿದರು.

ಹಾಗಿದ್ದರೂ 2025ರ ಅಕ್ಟೋಬರ್‌ನಲ್ಲಿ ಮತ್ತೆ ಮುಂದೂಡಿದ್ದೇಕೆ? ಕಂಪನಿಯ ಮಾತಿನಲ್ಲಿ ಹೇಳುವುದಾದರೆ ವಿಮಾನ ಚೆನ್ನಾಗಿಯೇ ಹಾರುತ್ತಿದೆ, ಹೊಸ ದೋಷವೇನೂ ಇಲ್ಲ. ಹಂತ ಹಂತವಾಗಿ ಸಿಗುವ ಅಪ್ಪಣೆಗಳು ಎಣಿಸಿದ್ದಕ್ಕಿಂತ ನಿಧಾನವಾಗಿ ಬರುತ್ತಿವೆ. ಇದನ್ನು ನೆಪವೆಂದು ತಳ್ಳಿಹಾಕಬೇಕಿಲ್ಲ. ಹಿಂದೆ ತಯಾರಕರ ನೌಕರನೇ ಸಹಿ ಹಾಕುತ್ತಿದ್ದ ಅನೇಕ ಕಡತಗಳನ್ನು ಈಗ ಸರಕಾರದ ಎಂಜಿನಿಯರ್ ಕುಳಿತು ಓದುತ್ತಿದ್ದಾನೆ, ಓದಿದವನು ಪ್ರಶ್ನೆ ಕೇಳುತ್ತಾನೆ. ಆದರೆ ಎಷ್ಟು ನಿಧಾನವಾಗಬಹುದು ಎಂಬುದು 2021ರ ಪತ್ರದಿಂದಲೇ ಗೊತ್ತಾಗಬೇಕಿತ್ತಲ್ಲವೇ? ನಿಯಂತ್ರಕರ ವೇಗವನ್ನು ಪದೇ ಪದೇ ತಪ್ಪಾಗಿ ಅಂದಾಜಿಸುವುದು ನಿಯಂತ್ರಕರ ತಪ್ಪಾಗಲಾರದು. ಗಡುವು ತಪ್ಪಿದ್ದಕ್ಕಿಂತ, ಈಡೇರದ ಗಡುವುಗಳನ್ನು ಆರು ಸಲ ಹೇಳಿದ್ದೇ ಬೋಯಿಂಗ್ ಮೇಲಿನ ದೊಡ್ಡ ಆರೋಪ ಎಂದು ನನ್ನ ಎಣಿಕೆ. ಏಕೆಂದರೆ ಗ್ರಾಹಕರು ಆ ದಿನಾಂಕಗಳನ್ನು ನಂಬಿ ಪೈಲಟ್‌ಗಳಿಗೆ ತರಬೇತಿ, ಆಸನಗಳಿಗೆ ಮುಂಗಡ, ಹಳೆಯ ವಿಮಾನಗಳ ನಿವೃತ್ತಿ ಎಲ್ಲವನ್ನೂ ಯೋಜಿಸಿದ್ದರು.

ಬೋಯಿಂಗ್ ತೆತ್ತ ಬೆಲೆ ಲೆಕ್ಕದಲ್ಲಿ ಕಾಣುತ್ತದೆ. ಒಂದು ವಿಮಾನ ಯೋಜನೆಯ ಒಟ್ಟು ವೆಚ್ಚ ಒಟ್ಟು ಆದಾಯವನ್ನು ಮೀರುವುದು ಖಚಿತವಾದರೆ ಆ ಮುಂದಿನ ನಷ್ಟವನ್ನು ಅಂದೇ ತೋರಿಸಬೇಕೆಂಬುದು ಅಲ್ಲಿನ ಪದ್ಧತಿ. 2021ರ ಆರಂಭದಲ್ಲಿ 650 ಕೋಟಿ, 2024ರ ಅಕ್ಟೋಬರ್‌ನಲ್ಲಿ 260 ಕೋಟಿ, ಮರುವರ್ಷ 490 ಕೋಟಿ. ಹೀಗೆ ಒಟ್ಟು ಸುಮಾರು 1,400 ಕೋಟಿ ಡಾಲರ್. ವಿಮಾನಯಾನ ಸಂಸ್ಥೆಗಳ ನಷ್ಟ ಇಷ್ಟು ನೇರವಾಗಿ ಕಾಣುವುದಿಲ್ಲ. ಎಮಿರೇಟ್ಸ್ ಹಳೆಯ ಎ380 ಮತ್ತು 777ಗಳ ಒಳಾಂಗಣವನ್ನೇ ಕೋಟ್ಯಂತರ ಡಾಲರ್ ಸುರಿದು ಹೊಸದಾಗಿಸುತ್ತಿದೆ. ಲುಫ್ತಾನ್ಸಾ ಮಾರಲು ಇಟ್ಟಿದ್ದ ಎ380ಗಳನ್ನು 2023ರಲ್ಲಿ ಮತ್ತೆ ಹಾರಿಸತೊಡಗಿತು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹೋಗುವವರು ನಾಲ್ಕು ಎಂಜಿನ್‌ಗಳ 747ರಲ್ಲಿ ಕೂರುತ್ತ ಬಂದಿರುವುದಕ್ಕೂ 777-9 ಬಾರದಿರುವುದಕ್ಕೂ ಸಂಬಂಧವಿದೆ; 747ರ ಗೂನುಬೆನ್ನಿನ ಚೆಲುವನ್ನು ಮೆಚ್ಚುವವರಿಗೆ ಅದು ಲಾಭವೇ ಇರಬಹುದು, ಇಂಧನದ ಬಿಲ್ಲು ಕಟ್ಟುವವರಿಗೆ ಅಲ್ಲ.

ಹಾಗಾದರೆ ಗ್ರಾಹಕರು ಬೇರೆಡೆಗೆ ಹೋಗಬಹುದಲ್ಲ ಎಂದರೆ, ಹೋಗಲು ಇರುವುದು ಒಂದೇ ಕಡೆ. ಏರ್‌ಬಸ್ ಎ350-1000 ಒಳ್ಳೆಯ ವಿಮಾನ, 2018ರಿಂದ ಸೇವೆಯಲ್ಲಿದೆ. ಆದರೆ ಗಾತ್ರದಲ್ಲಿ ಒಂದು ಮೆಟ್ಟಿಲು ಕೆಳಗೆ. ಅದರ ರೋಲ್ಸ್ ರಾಯ್ಸ್ ಎಂಜಿನ್‌ಗಳು ಕೊಲ್ಲಿ ದೇಶಗಳ ಬಿಸಿಲು-ಮರಳಿನಲ್ಲಿ ಬೇಗ ಸವೆಯುತ್ತವೆ ಎಂದು ಎಮಿರೇಟ್ಸ್‌ನ ಅಧ್ಯಕ್ಷ ಟಿಮ್ ಕ್ಲಾರ್ಕ್ 2023ರಲ್ಲಿ ಬಹಿರಂಗವಾಗಿಯೇ ದೂರಿದ್ದರು. ಹೀಗಾಗಿ ವಿಳಂಬದ ಬಗ್ಗೆ ಎಲ್ಲರಿಗಿಂತ ಜೋರಾಗಿ ಗೊಣಗಿದ ಅದೇ ಎಮಿರೇಟ್ಸ್ 2025ರ ನವೆಂಬರ್‌ನಲ್ಲಿ ಇನ್ನೂ 65 ವಿಮಾನಗಳನ್ನು ಕೇಳಿ ತನ್ನ 777ಎಕ್ಸ್ ಬೇಡಿಕೆಯನ್ನು 270ಕ್ಕೆ ಏರಿಸಿತು. ಏರ್ ಇಂಡಿಯಾ 2023ರಲ್ಲಿ ಕೇಳಿದ 470 ವಿಮಾನಗಳ ದೊಡ್ಡ ಪಟ್ಟಿಯಲ್ಲೂ 10 ವಿಮಾನ 777-9. ಇಬ್ಬರೇ ಮಾರಾಟಗಾರರಿರುವ ಸಂತೆಯಲ್ಲಿ ಕೊಳ್ಳುವವನ ಸಿಟ್ಟಿಗೆ ಬೆಲೆ ಕಡಿಮೆ. ಈ ವಿಳಂಬ ಬೋಯಿಂಗ್ ಅನ್ನು ಮುಳುಗಿಸದೆ ಇರುವುದಕ್ಕೆ ವಿಮಾನದ ಗುಣಕ್ಕಿಂತ ಇದೇ ಹೆಚ್ಚು ಕಾರಣ.

ಎವರೆಟ್‌ನಲ್ಲಿ ಕಟ್ಟಿ ಮುಗಿಸಿದ ಹಲವು 777-9ಗಳು ವರ್ಷಗಳಿಂದ ಸಾಲಾಗಿ ನಿಂತಿವೆ. ಪ್ರಮಾಣಪತ್ರ ಬಂದ ಮರುದಿನ ಅವು ಹೊರಡಲಾರವು. ಪರೀಕ್ಷೆಗಳ ನಡುವೆ ಬದಲಾದ ಪ್ರತಿಯೊಂದು ಭಾಗವನ್ನೂ, ಕೊಂಡಿಯಿಂದ ಹಿಡಿದು ತಂತ್ರಾಂಶದವರೆಗೆ, ಅವುಗಳನ್ನು ಬಿಚ್ಚಿ ಮತ್ತೆ ಕೂಡಿಸಬೇಕು. ಅದರ ಜೊತೆಗೆ ಇಟಾಪ್ಸ್‌ನ ಪರೀಕ್ಷೆಯನ್ನೂ ವಿಮಾನ ದಾಟಬೇಕು. ಸೇವೆಗೆ ಬರುವ ಮೊದಲೇ ಆ ಅನುಮತಿ ಬೇಕೆಂದರೆ ಎಂಜಿನ್ ವ್ಯವಸ್ಥೆಯನ್ನು ನೆಲದ ಮೇಲೆ, ಹೊತ್ತಿಸಿ ನಿಲ್ಲಿಸುವ 3,000 ಆವರ್ತನಗಳ ಕಾಲ ಓಡಿಸಿ ತೋರಿಸಬೇಕು. ಆಮೇಲೆ ನಿಜವಾದ ಮಾರ್ಗಗಳಂಥ ದೂರದ ಹಾರಾಟಗಳಲ್ಲಿ, ಒಂದು ಎಂಜಿನ್ ನಿಲ್ಲಿಸಿ, ಗಂಟೆಗಟ್ಟಲೆ ಉಳಿದೊಂದರ ಮೇಲೆ ಹಾರಿ ಇಳಿಯಬೇಕು. ಲುಫ್ತಾನ್ಸಾಗೆ ಹೋಗಲಿರುವ ಮೊದಲ ವಿಮಾನ ಎಂದು ಹಾರುತ್ತದೆ ಎನ್ನುವಷ್ಟೇ, ಮೊದಲ ದಿನ ಅದಕ್ಕೆ ಎಷ್ಟು ನಿಮಿಷ ಕೊಡುತ್ತಾರೆ ಎನ್ನುವುದೂ ಮುಖ್ಯ. ಆ ನಿಮಿಷಗಳು ಸಿಗದೆ ಹೋದರೆ 426 ಆಸನಗಳ ಈ ವಿಮಾನವೂ 1953ರ ವಿಮಾನದಂತೆಯೇ, ಯಾವಾಗಲೂ ಯಾವುದೋ ನಿಲ್ದಾಣದಿಂದ ಒಂದು ಗಂಟೆಯ ಅಳತೆಯೊಳಗೆ, ದಡವನ್ನು ಬಿಡದೆ ಹಾರಬೇಕಾಗುತ್ತದೆ.